ಮುಚ್ಚಲಿ ಎನ್ನುವವರೂ ನಮ್ಮವರೇ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. "ನಿಮ್ಮ ವಿಮಾನ ಕಂಪನಿ ಇವತ್ತೋ ನಾಳೆಯೋ ಮುಚ್ಚುತ್ತದಂತೆ. ಅದಕ್ಕೆ ನಿಮ್ಮ ಪೈಲಟ್‌ಗಳೇ ಖುಷಿಪಡುತ್ತಿದ್ದಾರಂತೆ, ನಿಜವೇ?" ಎಂದು ಕೇಳಿದೆ. ನಿಜ, ಖುಷಿಪಡುವವರಿದ್ದಾರೆ. ಹಾಗೆ ಖುಷಿಪಡುವವರೇ ಮರುದಿನ ನಸುಕಿನಲ್ಲಿ ಎದ್ದು, ಸಮವಸ್ತ್ರ ಇಸ್ತ್ರಿ ಮಾಡಿಕೊಂಡು, ಮೊದಲ ವಿಮಾನ ಹೊತ್ತಿಗೆ ಸರಿಯಾಗಿ ಹೊರಡಬೇಕೆಂದು ಓಡಾಡುವವರೂ ಹೌದು. ಹೊರಗಿನವರಿಗೆ ಇದನ್ನು ತಿಳಿಯಹೇಳುವುದು ಕಷ್ಟ. ಜಕ್ಕೂರಿನ ಪೈಲಟ್ ತರಬೇತಿ ಶಾಲೆಯ ಬಿಸಿಲಿನಲ್ಲಿ ಸೆಸ್ನಾ ಎಂಬ ಪುಟ್ಟ ವಿಮಾನಕ್ಕಾಗಿ ನನ್ನ ಜೊತೆ ಸರದಿ ಕಾದ ನಿನಗೆ ಹೇಳಬಹುದು ಎನ್ನಿಸಿತು. ನೆಂಟರು, ಊರಿನವರು ಕೂಡ ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಕಂಪನಿಯ ಹೆಸರು ಮಾತ್ರ ಬರೆಯುವುದಿಲ್ಲ. ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ.

ಮೊದಲು ಮುಚ್ಚಲಿ ಎನ್ನುವವರ ಪರವಾಗಿ ಹೇಳಿಬಿಡುತ್ತೇನೆ. ಅವರನ್ನು ಉಂಡ ಮನೆಗೆ ಎರಡು ಬಗೆಯುವವರು ಎಂದು ನಮ್ಮ ಮೇಲಿನವರು ಕರೆಯತೊಡಗಿದ್ದಾರೆ. ಕೇಳಿದರೆ ಮೈ ಉರಿಯುತ್ತದೆ. ಉಣ್ಣಲು ಇಕ್ಕಿದ ಮೇಲಲ್ಲವೇ ಆ ಮಾತು? ಸಂಬಳ ಮೊದಲು ಹತ್ತನೆಯ ತಾರೀಖಿಗೆ ಜಾರಿತು, ಆಮೇಲೆ ಇಪ್ಪತ್ತಕ್ಕೆ, ಆಮೇಲೆ ಮುಂದಿನ ತಿಂಗಳಿಗೆ. ಈಗ ಬಂದಾಗ ಬಂತು, ಅದೂ ಅರ್ಧ. ಸಂಬಳದ ಚೀಟಿಯಲ್ಲಿ ಭವಿಷ್ಯನಿಧಿಯ ಕಡಿತ ಕಾಣುತ್ತದೆ, ಭವಿಷ್ಯನಿಧಿಯ ಖಾತೆಯಲ್ಲಿ ಆ ಹಣ ಕಾಣುವುದಿಲ್ಲ. ಆದಾಯ ತೆರಿಗೆಯದೂ ಅದೇ ಕಥೆ. ನಮ್ಮಿಂದ ಮುರಿದುಕೊಂಡದ್ದನ್ನು ಕಟ್ಟದೆ ಕೂತವರು ಬೇರೆ, ಇಲಾಖೆಗೆ ಉತ್ತರ ಹೇಳಬೇಕಾದವರು ನಾವು. ತರಬೇತಿಗೂ ಟೈಪ್ ರೇಟಿಂಗ್‌ಗೂ (ಒಂದು ಬಗೆಯ ವಿಮಾನ ಹಾರಿಸಲು ಬೇಕಾದ ಅರ್ಹತೆ) ಲಕ್ಷಗಟ್ಟಲೆ ಸಾಲ ಎತ್ತಿದ ಹುಡುಗರಿದ್ದಾರೆ. ಬ್ಯಾಂಕಿನವರು ಕಂತು ಕೇಳುವಾಗ ಹೂಡಿಕೆದಾರರು ಮುಂದಿನ ವಾರ ಬರುತ್ತಾರೆ ಎಂದು ಹೇಳಲಾಗುತ್ತದೆಯೇ? ನಮಗೆ ಮಾತ್ರ ಪ್ರತಿ ತಿಂಗಳೂ ಅದನ್ನೇ ಹೇಳಿ ಮೂಗಿಗೆ ತುಪ್ಪ ಸವರುತ್ತಾರೆ.

ಹಾಗಾದರೆ ಬಿಟ್ಟು ಹೋಗಿ ಎನ್ನುತ್ತಾರೆ ಜನ. ಹೋಗುವುದು ಹೇಗೆ? 2017ರಲ್ಲಿ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ತಂದ ನಿಯಮ ನಿನಗೆ ಗೊತ್ತೇ ಇದೆ. ಕಮಾಂಡರ್, ಅಂದರೆ ಕ್ಯಾಪ್ಟನ್ ಆದವನು ಕೆಲಸ ಬಿಡಲು ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಕೋ-ಪೈಲಟ್ ಆದವನು ಆರು ತಿಂಗಳು. ಕಂಪನಿ ಒಪ್ಪಿ ನಿರಾಕ್ಷೇಪಣಾ ಪತ್ರ ಕೊಟ್ಟರೆ ಬೇಗ ಹೋಗಬಹುದು. ಪೈಲಟ್‌ಗಳು ಒಮ್ಮೆಗೇ ಹೊರಟರೆ ಪ್ರಯಾಣಿಕರು ನಡುನೀರಿನಲ್ಲಿ ನಿಲ್ಲುತ್ತಾರೆ ಎಂಬುದು ಈ ನಿಯಮದ ಹಿಂದಿನ ಕಾರಣ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಣವಿಲ್ಲದ ಕಂಪನಿಗೆ ಉಳಿದಿರುವ ಒಂದೇ ಆಸ್ತಿ ಎಂದರೆ ಪೈಲಟ್‌ಗಳು. ಅದು ಅವರನ್ನು ಬಿಟ್ಟುಕೊಡುವುದಿಲ್ಲ. ಮುಚ್ಚಿದರೆ ಈ ಕಟ್ಟೆಲ್ಲ ಒಂದೇ ದಿನಕ್ಕೆ ಕಳಚುತ್ತದೆ. ನೋಟಿಸಿಲ್ಲ, ಪತ್ರಕ್ಕಾಗಿ ಕಾಡಿ ಬೇಡುವುದಿಲ್ಲ, ದೊಡ್ಡ ಕಂಪನಿಗಳು ತಾವಾಗಿ ಸಂದರ್ಶನಕ್ಕೆ ಕರೆಯುತ್ತವೆ. ನಮ್ಮ ಹುಡುಗರು ಖುಷಿಪಡುತ್ತಿರುವುದು ಈ ಬಿಡುಗಡೆಗೆ. ಬೇರೊಬ್ಬರ ಮನೆ ಹಾಳಾಗಲಿ ಎಂದಲ್ಲ.

ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ತೈಲ ಕಂಪನಿ ನಮಗೆ ಸಾಲ ನಿಲ್ಲಿಸಿ ಬಹಳ ಕಾಲವಾಯಿತು. ಈಗ ಎಲ್ಲವೂ ಕ್ಯಾಶ್ ಅಂಡ್ ಕ್ಯಾರಿ, ದುಡ್ಡು ಬಿದ್ದರೆ ಇಂಧನ. ಉತ್ತರ ಕರ್ನಾಟಕದ ಒಂದು ಚಿಕ್ಕ ನಿಲ್ದಾಣದಲ್ಲಿ ಇಳಿದಿದ್ದೆವು. ಇಂಧನದ ಗಾಡಿ ಬಂದು ಬಲಬದಿಗೆ ನಿಂತಿತು, ಕೊಳವೆ ಮಾತ್ರ ಬಿಚ್ಚಲಿಲ್ಲ. ಅದರ ಮೇಲ್ವಿಚಾರಕರು ಮೊಬೈಲ್ ಕಿವಿಗೆ ಹಿಡಿದು ರೆಕ್ಕೆಯ ನೆರಳಿನಲ್ಲಿ ನಿಂತಿದ್ದರು. ಕೇಂದ್ರ ಕಚೇರಿಯಿಂದ ಹಣ ಜಮೆಯಾದ ಸುದ್ದಿ ಬರಬೇಕಿತ್ತು. ಪಕ್ಕದ ಸೀಟಿನ ಹುಡುಗ ಟ್ಯಾಂಕಿನಲ್ಲಿ ಉಳಿದದ್ದು ಎಷ್ಟು, ತಲುಪಲು ಎಷ್ಟು ಬೇಕು, ಅಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು ಎಷ್ಟು, ಅದರ ಮೇಲೆ ಮೂವತ್ತು ನಿಮಿಷದ ಮೀಸಲು ಎಷ್ಟು ಎಂದು ಕೂಡಿಸಿ ನೋಡಿ, ಏನೂ ಹೇಳದೆ ನನ್ನ ಮುಖ ನೋಡಿದ. ಸಾಲದು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಂಧನ ಬೀಳದೆ ಹೊರಡುವುದಿಲ್ಲ ಎಂದು ಕಚೇರಿಗೆ ತಿಳಿಸಿದೆ. ಅತ್ತ ನಿಲ್ದಾಣದ ಒಳಗೆ ಎಪ್ಪತ್ತು ಜನ ಕಾಯುತ್ತಿದ್ದರು. ಗಗನಸಖಿಯೊಬ್ಬಳು ಒಬ್ಬೊಬ್ಬರಿಗೂ ಸಮಾಧಾನ ಹೇಳುತ್ತಾ, ಬಾಡಿಗೆ ಮನೆಯ ಮಾಲೀಕನಿಂದ ಬರುತ್ತಿದ್ದ ಕರೆಯನ್ನು ಮತ್ತೆ ಮತ್ತೆ ಕತ್ತರಿಸುತ್ತಿದ್ದಳು. ಅವಳ ಸಂಬಳವೂ ನಮ್ಮದರಷ್ಟೇ ಬಾಕಿ, ಮೊತ್ತ ಮಾತ್ರ ನಮ್ಮದರ ಕಾಲುಭಾಗವೂ ಇಲ್ಲ. ಕೊನೆಗೆ ಹಣ ಬಂತು, ಹಾರಿದೆವು. ಅಂದು ರಾತ್ರಿ ನಾನೂ ಇದು ಮುಚ್ಚಿಹೋಗಲಿ ಎಂದೇ ಬಯಸಿದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹಾರುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಮೊದಲ ಪಾಠದಲ್ಲೇ ಕಲಿಸಿದ್ದರು, ನೆನಪಿದೆಯೇ? ಕಾಯಿಲೆ ಇದೆಯೇ, ಔಷಧಿ ತೆಗೆದುಕೊಂಡಿದ್ದೀಯಾ, ಮನಸ್ಸಿಗೆ ಒತ್ತಡವಿದೆಯೇ, ಮದ್ಯ, ದಣಿವು, ಹೊಟ್ಟೆಗೆ ಬಿದ್ದಿದೆಯೇ. ಒತ್ತಡದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಈಗ ನಮ್ಮಲ್ಲಿ ಎಷ್ಟು ಜನ ಹಾರಬೇಕು? ಮಗಳ ಶಾಲೆಯ ಶುಲ್ಕ ಕಟ್ಟಲಾಗದ ಚಿಂತೆಯನ್ನು ಕಾಕ್‌ಪಿಟ್ಟಿನ ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವುದು ಸುಲಭ. ನಮ್ಮ ಎಂಜಿನಿಯರುಗಳ ಬಗ್ಗೆ ನನಗೆ ಅಪಾರ ಗೌರವವಿದೆ. ನಿಂತುಹೋದ ವಿಮಾನದಿಂದ ಭಾಗ ಬಿಚ್ಚಿ ಹಾರುವುದಕ್ಕೆ ಜೋಡಿಸುವಾಗಲೂ ಕಾಗದಪತ್ರ ಸರಿಯಿಲ್ಲದೆ ಸಹಿ ಹಾಕುವುದಿಲ್ಲ, ಯಾರು ಬಂದು ಹೇಳಿದರೂ ಹಾಕುವುದಿಲ್ಲ. ಆದರೆ ಪ್ರಯಾಣಿಕರ ಜೀವ ಇಂಥ ನಾಲ್ಕು ಜನರ ಹಟದ ಮೇಲೆ ನಿಲ್ಲಬಾರದು. ಹಣವಿಲ್ಲದೆ ವಿಮಾನ ಹಾರಿಸುವುದಕ್ಕಿಂತ ನಿಲ್ಲಿಸುವುದು ಲೇಸು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಇಷ್ಟೆಲ್ಲ ಬರೆದ ಮೇಲೂ, ನಾಳೆ ಬೆಳಿಗ್ಗೆ ನಿಜಕ್ಕೂ ಬಾಗಿಲು ಹಾಕಿದರು ಎಂಬ ಸಂದೇಶ ಬಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ.

ನೀನು ದೊಡ್ಡ ಏರ್‌ಬಸ್ ವಿಮಾನ ಹಾರಿಸಲು ಹೋದ ಮೇಲೆ ಈ ಊರುಗಳನ್ನು ಮೇಲಿನಿಂದ ನೋಡುವುದು ಅಪರೂಪವಾಗಿರಬೇಕು. ನಾವು ಹಾರಿಸುವ ಎಟಿಆರ್, ಪಂಖದ ಸಣ್ಣ ವಿಮಾನ, ಅಷ್ಟು ಎತ್ತರ ಏರುವುದಿಲ್ಲ, ಅಷ್ಟು ವೇಗವೂ ಇಲ್ಲ. ಮಳೆಗಾಲ ಮುಗಿದ ಮೇಲೆ ಬಳ್ಳಾರಿ ಬಳಿಯ ವಿದ್ಯಾನಗರಕ್ಕೆ ಇಳಿಯುವ ದಾರಿಯಲ್ಲಿ ತುಂಗಭದ್ರೆಯ ಹಿನ್ನೀರು ತುಂಬಿ ನಿಂತಿರುವುದನ್ನು, ಅದರಾಚೆ ಹಂಪಿಯ ಬಂಡೆಗುಡ್ಡಗಳನ್ನು ಕಣ್ತುಂಬ ನೋಡಬಹುದು. ಇಳಿದ ಮೇಲೆ ಸಾಮಾನು ಇಳಿಸುವ ಹುಡುಗ ಹೆಸರು ಹಿಡಿದು ಮಾತನಾಡಿಸುತ್ತಾನೆ. ಇದು ದೊಡ್ಡ ನಿಲ್ದಾಣಗಳಲ್ಲಿ ಸಿಗುವುದಿಲ್ಲ, ಗೆಳೆಯ.

ಈ ಊರುಗಳಿಗೆ ವಿಮಾನ ಬಂದದ್ದು ಎಷ್ಟು ಕಷ್ಟಪಟ್ಟು! ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಎಟಿಆರ್‌ಗಳಲ್ಲಿ ಸಣ್ಣ ಊರಿನವರನ್ನು ಹತ್ತಿಸಿಕೊಂಡರು. ಆ ಕಂಪನಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು, ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಬೆಂಗಳೂರಿನದೇ ಆದ ಏರ್ ಪೆಗಾಸಸ್ 2015ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಹಾರಿತು, ಮರುವರ್ಷ ಜುಲೈ ಹೊತ್ತಿಗೆ ನೆಲಕ್ಕಿಳಿಯಿತು. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ 2020ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಬೀದರಿಗೆ ಹಾರಾಟ ಆರಂಭಿಸಿದ್ದು ಹೈದರಾಬಾದಿನ ಟ್ರೂಜೆಟ್. ಎರಡೇ ವರ್ಷದಲ್ಲಿ ಅದೂ ಇಲ್ಲವಾಯಿತು. ಪ್ರತಿ ಸಲವೂ ಊರಿನವರು ಮತ್ತೆ ರಾತ್ರಿ ಬಸ್ಸಿಗೆ ಮರಳುತ್ತಾರೆ.

ಇದರಲ್ಲಿ ಊರುಗಳ ತಪ್ಪೇನೂ ಇಲ್ಲ. ವಿಮಾನದ ಬಾಡಿಗೆ ಡಾಲರಿನಲ್ಲಿ, ಬಿಡಿಭಾಗ ಡಾಲರಿನಲ್ಲಿ, ಎಂಜಿನ್ ದುರಸ್ತಿ ಡಾಲರಿನಲ್ಲಿ. ಟಿಕೆಟ್ಟಿನ ಹಣ ಮಾತ್ರ ರೂಪಾಯಿಯಲ್ಲಿ. ಉಡಾನ್ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಹಾಕಿ, ಅರ್ಧದಷ್ಟು ಸೀಟುಗಳ ನಷ್ಟವನ್ನು ಸರ್ಕಾರ ತುಂಬಿಕೊಡುವ ಏರ್ಪಾಡು ಮಾಡಿದರು. ಅದೂ ಮೂರು ವರ್ಷಕ್ಕೆ. ಅಷ್ಟರೊಳಗೆ ದಾರಿ ತನ್ನ ಕಾಲ ಮೇಲೆ ನಿಲ್ಲಬೇಕು. ನಾಲ್ಕಾರು ವಿಮಾನಗಳಿರುವ ಕಂಪನಿಯಲ್ಲಿ ಒಂದು ಎಂಜಿನ್ ದುರಸ್ತಿಗೆ ಹೋಗಿ ತಡವಾದರೆ ಇಡೀ ವೇಳಾಪಟ್ಟಿ ಕುಸಿಯುತ್ತದೆ. ರದ್ದಾದ ಎರಡು ದಿನಕ್ಕೆ ಪ್ರಯಾಣಿಕರ ನಂಬಿಕೆ ಹೋಗುತ್ತದೆ, ನಂಬಿಕೆ ಹೋದ ಮೇಲೆ ಮುಂಗಡ ಕಾಯ್ದಿರಿಸುವವರು ಯಾರು? ನಮ್ಮ ಮಾಲೀಕರ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ, ಈ ವ್ಯಾಪಾರವೇ ಕತ್ತಿಯ ಅಲಗಿನ ಮೇಲಿನ ನಡಿಗೆ ಎಂಬುದನ್ನು ಒಪ್ಪುತ್ತೇನೆ.

ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವಲ್ಲ. ಜೆಟ್ ಏರ್‌ವೇಸ್ ಕಂಪನಿಯ ಪೈಲಟ್‌ಗಳು 2019ರಲ್ಲಿ ಸಂಬಳವಿಲ್ಲದೆ ಇನ್ನು ಹಾರುವುದಿಲ್ಲ ಎಂದು ಏಪ್ರಿಲ್ 1ರ ಗಡುವು ಕೊಟ್ಟರು. ಆಮೇಲೆ ಕಂಪನಿ ಉಳಿಯಬಹುದೆಂಬ ಆಸೆಯಿಂದ ಅದನ್ನು ಮುಂದೂಡಿದರು, ಮತ್ತೊಮ್ಮೆ ಮುಂದೂಡಿದರು. ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಕೊನೆಯ ವಿಮಾನ ಬಂತು. ಐದು ವರ್ಷ ಎಳೆದಾಡಿದ ಮೇಲೆ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆಸ್ತಿ ಮಾರಿ ಲೆಕ್ಕ ಚುಕ್ತಾ ಮಾಡಿ ಎಂದಿತು. ಗೋ ಫಸ್ಟ್ ಎಂಬ ಇನ್ನೊಂದು ವಿಮಾನ ಕಂಪನಿ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ಪೈಲಟ್‌ಗಳು ಬಿಟ್ಟು ಹೋಗದಿರಲಿ ಎಂದು ಕ್ಯಾಪ್ಟನ್‌ಗಳಿಗೆ ತಿಂಗಳಿಗೆ ಒಂದು ಲಕ್ಷ, ಕೋ-ಪೈಲಟ್‌ಗಳಿಗೆ ಐವತ್ತು ಸಾವಿರ ಹೆಚ್ಚುವರಿ ಕೊಡುತ್ತೇವೆಂದು ಘೋಷಿಸಿತು. ಆ ವಿಮಾನಗಳು ಮತ್ತೆ ಹಾರಲಿಲ್ಲ. ದಿವಾಳಿ ಕಾನೂನಿನಂತೆ ಹಣ ಹಂಚುವ ಸರದಿಯಲ್ಲಿ ಪ್ರಕ್ರಿಯೆಯ ವೆಚ್ಚ ಮೊದಲು, ಆಮೇಲೆ ಅಡಮಾನ ಹಿಡಿದ ಬ್ಯಾಂಕುಗಳು ಮತ್ತು ಕಾರ್ಮಿಕರ ಇಪ್ಪತ್ತನಾಲ್ಕು ತಿಂಗಳ ಬಾಕಿ, ಅದರ ಕೆಳಗೆ ಉಳಿದ ನೌಕರರ ಹನ್ನೆರಡು ತಿಂಗಳ ಬಾಕಿ. ಬಾಡಿಗೆ ವಿಮಾನ ಹಾರಿಸುವ ಕಂಪನಿಗೆ ಮಾರಲು ಇರುವುದಾದರೂ ಏನು? ವಿಮಾನಗಳನ್ನು ಕೊಟ್ಟವರು ಒಯ್ಯುತ್ತಾರೆ. ಉಳಿಯುವುದು ಮೇಜು, ಕುರ್ಚಿ, ಏಣಿ.

ನಮ್ಮ ಪೈಲಟ್‌ಗಳಿಗೆ ಕೆಲಸ ಸಿಗುತ್ತದೆ, ಸಿಗದಿರುವುದಿಲ್ಲ. ಆದರೆ ಯಾವ ಲೆಕ್ಕದಲ್ಲಿ? ಎಟಿಆರ್‌ನ ಕ್ಯಾಪ್ಟನ್ ಏರ್‌ಬಸ್‌ಗೆ ಹೋದರೆ ಮತ್ತೆ ಬಲಗಡೆಯ ಸೀಟು, ಅಂದರೆ ಕೋ-ಪೈಲಟ್ ಕೆಲಸ. ಹೆಗಲ ಮೇಲಿನ ನಾಲ್ಕು ಪಟ್ಟಿ ಮೂರಾಗುತ್ತದೆ, ಸೇವಾ ಹಿರಿತನ ಸೊನ್ನೆಯಿಂದ. ಐವತ್ತು ದಾಟಿದವರು ಹೊಸದಾಗಿ ಟೈಪ್ ರೇಟಿಂಗ್ ಮಾಡಿಕೊಂಡು, ತಮ್ಮ ಮಗನ ವಯಸ್ಸಿನ ಕ್ಯಾಪ್ಟನ್‌ಗೆ ಚೆಕ್‌ಲಿಸ್ಟ್ ಓದಬೇಕು. ಅದು ಅವಮಾನವಲ್ಲ ಎಂದು ಬಾಯಲ್ಲಿ ಹೇಳಬಹುದು, ಒಳಗೆ ನೋಯುತ್ತದೆ. ಇನ್ನು ಎಳೆಯ ಕೋ-ಪೈಲಟ್‌ಗಳದು ಬೇರೆ ಆತಂಕ. ತೊಂಬತ್ತು ದಿನದೊಳಗೆ ಮೂರು ಸಲ ಏರಿಳಿಯದಿದ್ದರೆ ಹಾರುವ ಅರ್ಹತೆ ತಪ್ಪುತ್ತದೆ. ಸಿಮ್ಯುಲೇಟರ್ ಪರೀಕ್ಷೆಯ ಅವಧಿ ಮುಗಿದರೆ ಕೈಯಿಂದ ಹಣ ಹಾಕಿ ಮಾಡಿಸಿಕೊಳ್ಳಬೇಕು. ಕೈಯಲ್ಲಿ ಹಣವಿದ್ದರೆ ತಾನೇ? ಲೋಡರ್‌ಗಳು, ಚೆಕ್-ಇನ್ ಕೌಂಟರಿನ ಹುಡುಗಿಯರು ಆಯಾ ಊರಿನವರೇ. ನಾವು ಬೇರೆ ಊರಿಗೆ ಹಾರಿಹೋಗುತ್ತೇವೆ, ಅವರ ಊರಿನಲ್ಲಿ ವಿಮಾನವೇ ಇರುವುದಿಲ್ಲ. ಮುಚ್ಚಲಿ ಎನ್ನುವಾಗ ನನ್ನ ನಾಲಗೆ ತಡವರಿಸುವುದು ಅವರನ್ನು ನೆನೆದು.

ಇನ್ನೊಂದು ಮಾತು. ಇಂಡಿಗೋ ಮತ್ತು ಏರ್ ಇಂಡಿಯಾ ಬಳಗ ಎರಡೇ ಸೇರಿ ದೇಶದೊಳಗಿನ ಹತ್ತು ಪ್ರಯಾಣಿಕರಲ್ಲಿ ಸುಮಾರು ಒಂಬತ್ತು ಜನರನ್ನು ಒಯ್ಯುತ್ತಿವೆ. 2025ರ ಡಿಸೆಂಬರಿನಲ್ಲಿ ಇಂಡಿಗೋದ ಸಿಬ್ಬಂದಿ ವೇಳಾಪಟ್ಟಿ ಎಡವಿದ್ದಕ್ಕೆ ಸಾವಿರಾರು ವಿಮಾನಗಳು ರದ್ದಾಗಿ ದೇಶವೇ ನಿಲ್ದಾಣಗಳಲ್ಲಿ ಮಲಗಿತು. ನಮ್ಮಂಥ ಸಣ್ಣ ಕಂಪನಿ ಒಂದೊಂದೇ ಅಳಿದರೆ ಪ್ರಯಾಣಿಕರಿಗೆ ಮಾತ್ರವಲ್ಲ, ಪೈಲಟ್‌ಗಳಿಗೂ ಹೋಗಲು ಇನ್ನೊಂದು ಬಾಗಿಲು ಇಲ್ಲವಾಗುತ್ತದೆ. ನೀನು ದೊಡ್ಡ ಕಂಪನಿಯಲ್ಲಿದ್ದೀಯೆ, ನಿನಗೂ ಇದು ಸಂಬಂಧಿಸಿದ್ದೇ.

ನನ್ನನ್ನು ಕೇಳಿದರೆ, ಮುಚ್ಚುವುದಾದರೆ ತಾರೀಖು ಹೇಳಿ ಮುಚ್ಚಲಿ. ಟಿಕೆಟ್ ಮಾರುವುದನ್ನು ಮೊದಲು ನಿಲ್ಲಿಸಲಿ, ಕೇಳಿದವರಿಗೆಲ್ಲ ನಿರಾಕ್ಷೇಪಣಾ ಪತ್ರ ಕೊಡಲಿ, ಇರುವಷ್ಟು ಹಣದಲ್ಲಿ ಕೆಳಗಿನ ಸಂಬಳದವರ ಬಾಕಿಯನ್ನು ಮೊದಲು ತೀರಿಸಲಿ, ಆಮೇಲೆ ನಮ್ಮದು. ಉಳಿಸುವುದಾದರೆ ಬರುವ ಹೂಡಿಕೆದಾರ ಯಾರು, ಎಷ್ಟು ಹಣ, ಯಾವಾಗ ಎಂದು ನೌಕರರ ಮುಂದೆ ನಿಂತು ಹೇಳಲಿ. ಹಗ್ಗ ಹರಿಯುವುದಿಲ್ಲ, ಕೋಲು ಮುರಿಯುವುದಿಲ್ಲ ಎಂಬಂತೆ ನಡೆಸುತ್ತಿರುವುದೇ ನಮ್ಮನ್ನು ಕೊಲ್ಲುತ್ತಿರುವುದು. ಕಳೆದ ವಾರ ಸಹೋದ್ಯೋಗಿಗಳು ಸೇರಿ ಇದನ್ನೇ ಪತ್ರದಲ್ಲಿ ಬರೆದು ಕೊಟ್ಟಿದ್ದೇವೆ. ಮುಚ್ಚಲಿ ಎನ್ನುವವರೂ ಉಳಿಯಲಿ ಎನ್ನುವವರೂ ಒಂದೇ ಹಾಳೆಗೆ ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ.

ನೀನು ಹೇಳಿದ ನೇಮಕಾತಿಗೆ ನಾನು ಅರ್ಜಿ ಹಾಕುತ್ತೇನೆ. ಬಲಗಡೆಯ ಸೀಟಾದರೂ ಸರಿ, ಮನೆ ನಡೆಯಬೇಕಲ್ಲ. ನೋಟಿಸ್ ಕೊಟ್ಟ ಮೇಲೂ ಇಲ್ಲಿ ಹಾರುವಷ್ಟು ದಿನ ಸರಿಯಾಗಿಯೇ ಹಾರುತ್ತೇನೆ. ಆದರೆ ಅದಕ್ಕಿಂತ ಮೊದಲು ನಿನ್ನಿಂದ ಒಂದು ಉಪಕಾರ ಆಗಬೇಕು. ಆ ಮಧ್ಯಾಹ್ನ ಇಂಧನ ಲೆಕ್ಕ ಹಾಕಿದ ಹುಡುಗ ಇದ್ದಾನಲ್ಲ, ಅವನ ತಂದೆ ಜಮೀನು ಅಡವಿಟ್ಟು ಓದಿಸಿದ್ದಾರೆ. ಒಳ್ಳೆಯ ಕೈ, ಅಡ್ಡಗಾಳಿಯಲ್ಲಿ ಅವನು ಇಳಿಸುವುದನ್ನು ನೋಡಿದರೆ ನಿನಗೂ ಮೆಚ್ಚುಗೆಯಾಗುತ್ತದೆ. ನಿಮ್ಮಲ್ಲಿ ಎಟಿಆರ್‌ಗೆ ಕೋ-ಪೈಲಟ್‌ಗಳನ್ನು ತೆಗೆದುಕೊಳ್ಳುವಾಗ ಯಾವ ಕಾಗದ ಸಿದ್ಧವಿರಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ಅವನಿಗೆ ಸ್ವಲ್ಪ ತಿಳಿಸು. ನಿನ್ನ ನಂಬರು ಕೊಟ್ಟಿದ್ದೇನೆ, ಆದರೆ ಸಂಕೋಚದ ಹುಡುಗ, ತಾನಾಗಿ ಕರೆಮಾಡುವುದಿಲ್ಲ. ಈ ಭಾನುವಾರ ಅವನಿಗೆ ರಜೆ. ಹತ್ತು ಗಂಟೆಯ ಮೇಲೆ ನೀನೇ ಫೋನ್ ಮಾಡು.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ