ಲೋಹ ಆಮೇಲೆ, ಮೊದಲು ಅಳತೆ

ಮಾನ್ಯ ಸಂಪಾದಕರೇ,

ಕೊಳವೆ ಜಾರಿಸಿ ಸ್ವರ ಬದಲಿಸುವ ಹಿತ್ತಾಳೆ ವಾದ್ಯವಾದ ಟ್ರಾಂಬೋನನ್ನು ಹೇಳಿ ಮಾಡಿಸುವುದರ ಕುರಿತು ನಿಮ್ಮ ಸಂಗೀತ ಪುಟದಲ್ಲಿ ಬಂದ ಲೇಖನ ಓದಿದೆವು. ಹಳದಿ ಹಿತ್ತಾಳೆಯಾದರೆ ಪ್ರಖರ ನಾದ, ಗುಲಾಬಿ ಹಿತ್ತಾಳೆಯಾದರೆ ಮೃದು ನಾದ, ಬೆಳ್ಳಿಯಾದರೆ ಗಂಭೀರ ನಾದ ಎಂದು ಮೂರೇ ಸಾಲಿನಲ್ಲಿ ವಿಷಯ ಮುಗಿಸಿಬಿಟ್ಟಿದೆ. ಇದನ್ನು ನಂಬಿ ಮುಂಗಡ ಕೊಡುವವರು ಮುಖ್ಯವಾದದ್ದನ್ನು ಕೇಳುವುದೇ ಇಲ್ಲ. ವಾದ್ಯ ಕೈಗೆ ಬಂದ ಮೇಲೆ ಲೋಹವನ್ನು ದೂರುತ್ತಾರೆ. ಹಾಗಾಗಿ ಈ ಪತ್ರ.

ಟ್ರಾಂಬೋನ್‌ನಲ್ಲಿ ಕಂಪಿಸಿ ಸ್ವರ ಕೊಡುವುದು ಒಳಗಿನ ವಾಯುಸ್ತಂಭ. ಹೆಚ್ಚು ಬಳಕೆಯ ಬಿ-ಫ್ಲ್ಯಾಟ್ ಟೆನರ್ ಮಾದರಿಯಲ್ಲಿ ಅದರ ಉದ್ದ ಸುಮಾರು 2.7 ಮೀಟರ್. ಆ ಸ್ತಂಭಕ್ಕೆ ಆಕಾರ ಕೊಟ್ಟು, ಎಲ್ಲೂ ಸೋರದಂತೆ ಹಿಡಿದಿಡುವುದು ಲೋಹದ ಮೊದಲ ಕೆಲಸ. ಆದ್ದರಿಂದ ತಯಾರಕರ ಮುಂದೆ ಕುಳಿತಾಗ ಕೇಳಬೇಕಾದ ಮೊದಲ ಪ್ರಶ್ನೆ ಬೋರ್ ಎಷ್ಟು ಎಂಬುದು. ಅಂದರೆ ಸ್ಲೈಡ್‌ನ (ಜಾರುವ ಜೋಡಿ ಕೊಳವೆಯ) ಒಳಕೊಳವೆಯ ಒಳವ್ಯಾಸ. ಜಾಝ್ ತಂಡಗಳಲ್ಲಿ ಮುಂದಾಳಾಗಿ ಊದುವವರು 12.2ರಿಂದ 12.9 ಮಿ.ಮೀ. ಬೋರ್ ಬಯಸುತ್ತಾರೆ. ಆರ್ಕೆಸ್ಟ್ರಾ ಟೆನರ್‌ಗೆ 13.89, ಬಾಸ್ ಟ್ರಾಂಬೋನ್‌ಗೆ 14.27 ರೂಢಿ. ನಡುವೆ 13.34 ಇದೆ. ಕಾಗದದ ಮೇಲೆ ಈ ಅಂತರ ಕೂದಲೆಳೆಯಷ್ಟು ಅನ್ನಿಸಬಹುದು. ಆದರೆ 12.9ರಿಂದ 13.89ಕ್ಕೆ ಹೋದರೆ ಗಾಳಿ ಹಾಯುವ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇ 16 ಹೆಚ್ಚುತ್ತದೆ. ಉಸಿರು ಎಷ್ಟು ಬೇಗ ಮುಗಿಯುತ್ತದೆ ಎಂಬುದರಲ್ಲೇ ವಾದಕರಿಗೆ ಇದು ಗೊತ್ತಾಗುತ್ತದೆ.

ಬೋರ್ ನಾದವನ್ನು ಏಕೆ ಬದಲಿಸುತ್ತದೆ? ಜೋರಾಗಿ ಊದಿದಾಗ ಕೊಳವೆಯೊಳಗಿನ ಒತ್ತಡದ ಅಲೆಯ ಶಿಖರ ಅದರ ತಗ್ಗಿಗಿಂತ ತುಸು ವೇಗವಾಗಿ ಓಡುತ್ತದೆ. ಅಗಲವಾಗದ ಉದ್ದ ಕೊಳವೆಯಲ್ಲಿ ಸಾಗುತ್ತ ಅಲೆಯ ಮುಂಭಾಗ ಕಡಿದಾಗುತ್ತ ಹೋಗುತ್ತದೆ, ಎತ್ತರದ ಸ್ವರಾಂಶಗಳು ತುಂಬಿಕೊಳ್ಳುತ್ತವೆ. ಹಿತ್ತಾಳೆ ವಾದ್ಯದ ಆ ಝೇಂಕಾರ ಹುಟ್ಟುವುದು ಹೀಗೆ. ಅತಿ ಜೋರಿನಲ್ಲಿ ಟ್ರಾಂಬೋನ್‌ನೊಳಗೆ ಆಘಾತ ತರಂಗವೇ ಮೂಡುತ್ತದೆ ಎಂಬುದನ್ನು ವಿಜ್ಞಾನಿ ಹಿರ್ಷ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಅಳೆದು ತೋರಿಸಿದ್ದಾರೆ. ಸ್ಲೈಡ್ ಜಾರಬೇಕಾದ್ದರಿಂದ ಟ್ರಾಂಬೋನ್‌ನ ಬಹುಭಾಗ ಒಂದೇ ಅಗಲದ ಕೊಳವೆ. ಬೋರ್ ಕಿರಿದಾದಷ್ಟೂ ಕಡಿಮೆ ಜೋರಿನಲ್ಲೇ ಈ ಝೇಂಕಾರ ಬರುತ್ತದೆ. ‘ಪ್ರಖರ ನಾದ’ ಬೇಕೆನ್ನುವವರಿಗೆ ಅದು ಮೊದಲು ಸಿಗುವುದು ಇಲ್ಲಿ. ಸ್ಲೈಡ್‌ನ ಎರಡು ಕೊಳವೆಗಳಿಗೆ ಎರಡು ಬೋರ್ ಇಡುವ ಪದ್ಧತಿಯೂ ಇದೆ: ಮೇಲಿನದು 13.34, ಕೆಳಗಿನದು 13.89. ಎತ್ತರದ ಸ್ವರಗಳು ಬೇಗ ಹಿಡಿತಕ್ಕೆ ಸಿಗಬೇಕು, ಮಂದ್ರವೂ ಕಟ್ಟಿಕೊಳ್ಳಬಾರದು ಎನ್ನುವವರಿಗೆ ಇದು ಒಳ್ಳೆಯ ನಡುದಾರಿ.

ಎರಡನೆಯದು ಬೆಲ್, ಅಂದರೆ ನಾದ ಹೊರಬರುವ, ಹೂವಿನಂತೆ ಅರಳಿದ ತುದಿ. ಕ್ಯಾಟಲಾಗ್‌ಗಳು ಬಾಯಿಯ ವ್ಯಾಸವನ್ನಷ್ಟೇ ಹೇಳುತ್ತವೆ: ಜಾಝ್‌ಗೆ ಸುಮಾರು 200 ಮಿ.ಮೀ., ಆರ್ಕೆಸ್ಟ್ರಾ ಟೆನರ್‌ಗೆ 216, ಬಾಸ್‌ಗೆ 240 ಮತ್ತು ಮೇಲೆ. ಬಾಯಿಗಿಂತ ಕೊರಳು ಮುಖ್ಯ. ಬೆಲ್ ಯಾವ ವೇಗದಲ್ಲಿ, ಎಲ್ಲಿಂದ ಹಿಗ್ಗುತ್ತದೆ ಎಂಬುದರ ಮೇಲೆ ಯಾವ ಸ್ವರ ಶ್ರುತಿಗೆ ನಿಲ್ಲುತ್ತದೆ, ಯಾವುದು ಏರುತ್ತದೆ ಎಂಬುದು ನಿರ್ಧಾರವಾಗುತ್ತದೆ. ಹಲವು ಟೆನರ್‌ಗಳಲ್ಲಿ ಮೊದಲ ಸ್ಥಾನದ (ಸ್ಲೈಡ್ ಪೂರ್ತಿ ಒಳಗಿರುವಾಗಿನ) ಮೇಲಿನ ಎಫ್ ಸ್ವರ ಏರುಶ್ರುತಿಯಲ್ಲಿರುತ್ತದೆ, ಅದರ ಕೆಳಗಿನ ಡಿ ಸ್ವರ ಇಳಿದಿರುತ್ತದೆ. ಸ್ಲೈಡ್‌ನಿಂದ ಇದನ್ನು ಸರಿದೂಗಿಸಬಹುದು, ನಿಜ. ಆದರೆ ಮೊದಲ ಸ್ಥಾನದಲ್ಲಿ ಸ್ಲೈಡ್ ಪೂರ್ತಿ ಒಳಗಿರುವಾಗ ಇಳಿದ ಡಿ ಸ್ವರವನ್ನು ಏರಿಸಲು ಜಾಗವೇ ಇರುವುದಿಲ್ಲ. ಹಾಗಾಗಿ ಪರೀಕ್ಷೆಗೆ ಕೂತಾಗ ಶ್ರುತಿಮಾಪಕದ ಮುಂದೆ ಈ ಎರಡು ಸ್ವರಗಳನ್ನು ಮೊದಲು ಊದಿ ನೋಡಬೇಕು.

ಬೆಲ್‌ನ ಈ ಆಕಾರ ಬರುವುದು ಮ್ಯಾಂಡ್ರೆಲ್ ಎಂಬ ಉಕ್ಕಿನ ಅಚ್ಚಿನಿಂದ. ಒಬ್ಬರಿಗಾಗಿ ಹೊಸ ಅಚ್ಚನ್ನು ಸಾಮಾನ್ಯವಾಗಿ ಯಾರೂ ಕಡೆಯುವುದಿಲ್ಲ. ‘ಹೇಳಿ ಮಾಡಿಸುವುದು’ ಎಂದರೆ ಬಹುಪಾಲು ತಯಾರಕರ ಬಳಿ ಇರುವ ಅಚ್ಚುಗಳಲ್ಲಿ ಆರಿಸಿ, ಲೋಹ, ದಪ್ಪ, ಸ್ಲೈಡ್, ವಾಲ್ವ್‌ಗಳನ್ನು ಹೊಂದಿಸಿಕೊಳ್ಳುವುದು. ಆದ್ದರಿಂದ ಒಬ್ಬ ತಯಾರಕರ ಬೆಲ್‌ನ ಕೊರಳೇ ಇಷ್ಟವಾಗದಿದ್ದರೆ, ಅದನ್ನು ಯಾವ ಲೋಹದಲ್ಲಿ ಮಾಡಿಸಿದರೂ ಇಷ್ಟವಾಗುವುದಿಲ್ಲ. ಬ್ಯಾಕ್ 42, ಕಾನ್ 88ಎಚ್ ಎಂಬ ಹೆಸರಾಂತ ಎರಡು ಮಾದರಿಗಳನ್ನೇ ನೋಡಿ. ಎರಡರ ಬೋರೂ 13.89, ಎರಡರ ಬೆಲ್ಲೂ 216. ಆದರೂ ಮೊದಲ ಉಸಿರಿನಲ್ಲೇ ಅವು ಬೇರೆ ಬೇರೆ ವಾದ್ಯಗಳೆಂದು ಗೊತ್ತಾಗುತ್ತದೆ. 88ಎಚ್‌ನ ಕೆಂಪು ಛಾಯೆಯ ಬೆಲ್ ಕಣ್ಣಿಗೆ ಬೀಳುವುದರಿಂದ ಶ್ರೇಯವೆಲ್ಲ ಬಣ್ಣಕ್ಕೆ ಹೋಗುತ್ತದೆ; ಬೆಲ್‌ನ ಕೊರಳೂ ಲೀಡ್‌ಪೈಪೂ ಬೇರೆ ಎಂಬುದು ಮರೆತೇ ಹೋಗುತ್ತದೆ.

ಲೀಡ್‌ಪೈಪ್ ಎಂದರೆ ಮೌತ್‌ಪೀಸ್ (ತುಟಿಯಿಟ್ಟು ಊದುವ ಬಟ್ಟಲು) ಕೂರುವ, ಸ್ಲೈಡ್‌ನೊಳಗೆ ಅಡಗಿರುವ ಗೇಣುದ್ದದ ಕೊಳವೆ. ಮೊದಲು ಕಿರಿದಾಗಿ, ಆಮೇಲೆ ನಿಧಾನವಾಗಿ ಬೋರ್‌ನ ಅಗಲಕ್ಕೆ ಹಿಗ್ಗುತ್ತದೆ. ಆ ಕಿರಿದಾದ ಜಾಗ ಬಿಗಿಯಾಗಿದ್ದರೆ ಸ್ವರ ಗಟ್ಟಿಯಾಗಿ ಒಂದೆಡೆ ನಿಲ್ಲುತ್ತದೆ, ಗಾಳಿಗೆ ತಡೆ ಹೆಚ್ಚು. ಸಡಿಲವಾಗಿದ್ದರೆ ನಾದ ಹರಡುತ್ತದೆ, ಉಸಿರು ಬೇಗ ತೀರುತ್ತದೆ. ಇಡೀ ವಾದ್ಯದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬದಲಾವಣೆ ತರುವ ಭಾಗ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೆಸುಗೆ ಹಾಕಿ ಕೂರಿಸುವ ಬದಲು ತಿರುಪಿನಿಂದ ತೆಗೆದು ಹಾಕುವಂತೆ ಮಾಡಿಸಿ, ಬಿಗಿ, ಮಧ್ಯಮ, ಸಡಿಲ ಮೂರನ್ನೂ ತೆಗೆದುಕೊಳ್ಳಿ. ತಯಾರಕರಿಗೆ ನಿಮ್ಮದೇ ಮೌತ್‌ಪೀಸ್ ಕಳಿಸಿ. ಅದರ ಕಾಂಡ ತುಸು ಹೊರಗೆ ನಿಂತರೂ ತುಸು ಆಳಕ್ಕೆ ಇಳಿದರೂ ಲೀಡ್‌ಪೈಪ್‌ನ ಲೆಕ್ಕ ತಪ್ಪುತ್ತದೆ. ಸಣ್ಣ ಕಾಂಡದ ಮೌತ್‌ಪೀಸನ್ನು ದೊಡ್ಡ ಬಾಯಿಯ ಲೀಡ್‌ಪೈಪ್‌ಗೆ ಅಡಾಪ್ಟರ್ ಹಾಕಿ ಕೂರಿಸಿ, ವಾದ್ಯವೇ ಸರಿಯಿಲ್ಲ ಎನ್ನುವುದು ಸಾಮಾನ್ಯ ತಪ್ಪು.

ಈಗ ಲೋಹ. ಹಳದಿ ಹಿತ್ತಾಳೆಯಲ್ಲಿ ತಾಮ್ರ 70, ಸತು 30 ಪಾಲು. ಗೋಲ್ಡ್ ಬ್ರಾಸ್ ಎನ್ನುವುದರಲ್ಲಿ 85–15. ಚಿನ್ನದ ಸೋಂಕೂ ಇಲ್ಲ. ಗುಲಾಬಿ ಹಿತ್ತಾಳೆಯಲ್ಲಿ 90–10. ನಿಕಲ್ ಸಿಲ್ವರ್‌ನಲ್ಲಿ ತಾಮ್ರ, ನಿಕಲ್, ಸತು ಮಾತ್ರ, ಹೆಸರಿನಲ್ಲಷ್ಟೇ ಬೆಳ್ಳಿ. ಬೆಲ್‌ನ ಗೋಡೆ ಬದಲಾದರೆ ಆ ವ್ಯತ್ಯಾಸವನ್ನು ಕಿವಿ ಗುರುತಿಸಬಲ್ಲದೇ? 1980ರ ದಶಕದಲ್ಲಿ ಇಂಗ್ಲೆಂಡಿನ ಧ್ವನಿತಜ್ಞ ರಿಚರ್ಡ್ ಸ್ಮಿತ್ ಒಂದೇ ಆಕಾರದ, ಬೇರೆ ಬೇರೆ ದಪ್ಪದ ಟ್ರಾಂಬೋನ್ ಬೆಲ್‌ಗಳನ್ನು ನುರಿತ ವಾದಕರಿಗೆ ಕೊಟ್ಟು, ಯಾವುದು ಯಾವುದೆಂದು ತಿಳಿಯದಂತೆ ಊದಿಸಿದರು. ಅವರಿಗೆ ಬೇರ್ಪಡಿಸಿ ಹೇಳಲಾಗಲಿಲ್ಲ. ಹಾಗೆಂದು ಗೋಡೆಯ ಕಂಪನ ಪೂರ್ತಿ ಸುಳ್ಳಲ್ಲ: ಭೌತವಿಜ್ಞಾನಿ ಥಾಮಸ್ ಮೂರ್ ಮತ್ತು ಸಂಗಡಿಗರು ಟ್ರಂಪೆಟ್ ಬೆಲ್‌ಗಳ ಕಂಪನವನ್ನು ಅದುಮಿ ಅಳೆದಾಗ ಚಿಕ್ಕದಾದರೂ ಅಳತೆಗೆ ಸಿಗುವ ವ್ಯತ್ಯಾಸ ಕಂಡಿತು. ಊದುವವರ ಕಿವಿ ಬೆಲ್‌ನ ಪಕ್ಕದಲ್ಲೇ ಇರುತ್ತದೆ. ಕೈಗೂ ತುಟಿಗೂ ಅದುರು ತಟ್ಟುತ್ತದೆ. ತೆಳು ಬೆಲ್ ಅವರಿಗೆ ‘ಮಾತಾಡುತ್ತದೆ’, ದಪ್ಪ ಬೆಲ್ ಸುಮ್ಮನಿರುತ್ತದೆ. ಅದನ್ನು ಅನುಸರಿಸಿ ಅವರು ಊದುವ ರೀತಿಯೇ ಬದಲಾಗುತ್ತದೆ. ಇದು ಭ್ರಮೆಯಲ್ಲ. ಆದರೆ ಬೋರ್, ಕೊರಳು, ಲೀಡ್‌ಪೈಪ್‌ಗಳ ಮುಂದೆ ಇದರ ತೂಕ ಕಡಿಮೆ.

ಲೋಹ ಆರಿಸುವುದಾದರೆ ಹೆಸರಿನ ಜೊತೆ ದಪ್ಪವನ್ನೂ, ಕಾಸಿದ ರೀತಿಯನ್ನೂ ಕೇಳಿ. ಬೆಲ್‌ನ ಗೋಡೆ ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು. ಒಂದೇ ತಗಡಿನ ಬೆಲ್ ಆದರೆ ತಗಡು ಕತ್ತರಿಸಿ, ಮಡಿಸಿ, ಉದ್ದಕ್ಕೆ ಬೆಸೆದು, ಬಡಿದು, ಅಚ್ಚಿನ ಮೇಲೆ ತಿರುಗಿಸಿ ಒತ್ತುತ್ತಾರೆ. ಬಡಿದಂತೆ ಲೋಹ ಗಡುಸಾಗುತ್ತದೆ; ಸೀಳದಿರಲೆಂದು ನಡುನಡುವೆ ಕಾಸಿ ಮೆದುಗೊಳಿಸುತ್ತಾರೆ. ಕೊನೆಯ ಕಾಯಿಸುವಿಕೆ ಹೆಚ್ಚಾದರೆ ಬೆಲ್ ಮೆತ್ತಗಾಗಿ, ಒಂದು ತಟ್ಟಿಗೇ ನೆಗ್ಗುತ್ತದೆ. ಅಂಚಿನ ಸುರುಳಿಯೊಳಗಿನ ತಂತಿಗೆ ಬೆಸುಗೆ ಹಾಕಿದರೆ ಅಂಚು ಬಿಗಿಯಾಗುತ್ತದೆ. ಹಾಕದೆ ಬಿಟ್ಟರೆ ಊದುವವರಿಗೆ ಅದುರು ಹೆಚ್ಚು ತಿಳಿಯುತ್ತದೆ, ಆದರೆ ಮುಂದೆಂದಾದರೂ ತಂತಿ ಸಡಿಲಗೊಂಡು ಕಿರಿಗುಟ್ಟಬಹುದು.

ಲೋಹದ ಬಗ್ಗೆ ಯಾರೂ ಹೇಳದ, ನಿಜಕ್ಕೂ ಹಣ ಉಳಿಸುವ ಮಾತೊಂದಿದೆ. ಉಸಿರಿನ ತೇವ, ಎಂಜಲು ಸೇರಿ ಹಳದಿ ಹಿತ್ತಾಳೆಯೊಳಗಿನ ಸತುವನ್ನು ಕರಗಿಸಿ ಒಯ್ಯುತ್ತವೆ. ಉಳಿಯುವುದು ಸ್ಪಂಜಿನಂಥ ತಾಮ್ರ. ಹೊರಗೆ ಗುಲಾಬಿ ಚುಕ್ಕೆ ಕಾಣುವ ಹೊತ್ತಿಗೆ ಒಳಗೆ ತೂತಾಗುವ ಹಂತ ಬಂದಿರುತ್ತದೆ. ಸತು 15 ಪಾಲು ಮೀರದ ಹಿತ್ತಾಳೆಗೆ ಈ ರೋಗ ಬಹಳ ಕಡಿಮೆ. ಆದ್ದರಿಂದ ಸದಾ ಒದ್ದೆಯಿರುವ ಲೀಡ್‌ಪೈಪ್ ಮತ್ತು ಸ್ಲೈಡ್‌ನ ತುದಿಯ ತಿರುವಿಗೆ ಗುಲಾಬಿ ಹಿತ್ತಾಳೆ ಅಥವಾ ನಿಕಲ್ ಸಿಲ್ವರ್ ಬರೆಸಿ. ಬೆಲ್ ನಿಮ್ಮಿಷ್ಟದ ಬಣ್ಣದ್ದಿರಲಿ.

ಬಾಳಿಕೆಯ ಲೋಹ ಹಾಕಿಸಿದರೂ ಜೋಡಣೆ ಕೆಟ್ಟರೆ ಎಲ್ಲ ವ್ಯರ್ಥ. ಬ್ರೇಸ್‌ಗಳನ್ನು (ಕೊಳವೆಗಳ ನಡುವಿನ ಆಧಾರದ ಕಡ್ಡಿಗಳನ್ನು) ಕೊಳವೆಗೆ ಬಲವಂತವಾಗಿ ಹಿಗ್ಗಿಸಿ ಬೆಸೆದರೆ ಆ ಎಳೆತ ಒಳಗೇ ಉಳಿಯುತ್ತದೆ. ಇಡೀ ವಾದ್ಯದ ಶ್ರುತಿ ಹೊಂದಿಸುವ ಶ್ರುತಿ ಸ್ಲೈಡ್ ಹೊರಗೆಳೆದಾಗ ಅದರ ಕಾಲುಗಳು ಅಗಲಕ್ಕೆ ಚಿಮ್ಮಿದರೆ ಅಥವಾ ಒಳಕ್ಕೆ ಮುದುಡಿದರೆ ಇದೇ ಲಕ್ಷಣ. ಬೆಸುಗೆಯನ್ನು ಕಾಸಿ ಬಿಡಿಸಿ, ಭಾಗಗಳು ತಾವಾಗಿ ಎಲ್ಲಿ ನಿಲ್ಲುತ್ತವೋ ಅಲ್ಲಿಗೆ ಬ್ರೇಸ್ ಅಳತೆ ಮಾಡಿ ಮತ್ತೆ ಬೆಸೆಯುವುದೊಂದೇ ಪರಿಹಾರ. ಕೈಸ್ಲೈಡ್‌ಗೆ ಸುಲಭ ಪರೀಕ್ಷೆಯಿದೆ: ಹೊರ ಸ್ಲೈಡ್‌ನ ಒಂದೇ ಕಾಲನ್ನು ಒಂದು ಒಳಕೊಳವೆಗೆ ಹಾಕಿ ಜಾರಿಸಿ, ಆಮೇಲೆ ಇನ್ನೊಂದನ್ನು. ಬಿಡಿಯಾಗಿ ಎರಡೂ ಸರಾಗ, ಕೂಡಿಸಿದಾಗ ಬಿಗಿ ಎಂದರೆ ಕೊಳವೆಗಳು ಸಮಾಂತರವಾಗಿಲ್ಲ. ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಸೋರಿಕೆ ನೋಡಲು ಸ್ಲೈಡ್ ಜೋಡಿಸಿ ನೇರ ಹಿಡಿದು, ಮೇಲಿನ ಎರಡೂ ಬಾಯಿ ಬೆರಳಿನಿಂದ ಮುಚ್ಚಿ, ಹೊರ ಸ್ಲೈಡನ್ನು ನಿಧಾನ ಬಿಡಿ. ಕೆಳಗೆ ಇನ್ನೊಂದು ಕೈ ಇರಲಿ. ಗಾಳಿ ಬಿಗಿಯಿದ್ದರೆ ಅದು ತಡೆದು ನಿಲ್ಲುತ್ತದೆ. ಸರ್ರನೆ ಜಾರಿದರೆ ಮೊದಲು ನೀರು ಬಿಡುವ ಕೀಲಿಯ ಕಾರ್ಕ್ ನೋಡಿ.

ಎಫ್ ವಾಲ್ವ್ (ಗಾಳಿಯನ್ನು ಹೆಚ್ಚುವರಿ ಕೊಳವೆಗೆ ತಿರುಗಿಸಿ ಶ್ರುತಿ ಇಳಿಸುವ ಕವಾಟ) ಬೇಕೆಂದರೆ ಸುಮಾರು 90 ಸೆಂ.ಮೀ. ಕೊಳವೆ, ಅದರ ತೂಕವೂ ಸೇರುತ್ತದೆ. ತಿರುಗುವ ರೋಟರ್ ಇರುವ ಸಾಮಾನ್ಯ ರೋಟರಿ ವಾಲ್ವ್‌ನಲ್ಲಿ ಗಾಳಿ ಚೂಪಾಗಿ ತಿರುಗುತ್ತದೆ; ಥೇಯರ್ ಮತ್ತು ಹ್ಯಾಗ್‌ಮನ್ ವಾಲ್ವ್‌ಗಳಲ್ಲಿ ತಿರುವು ಸಡಿಲ, ಆರೈಕೆ ಹೆಚ್ಚು. ರೋಟರಿ ‘ಕಟ್ಟಿಕೊಂಡಿದೆ’ ಎಂಬ ದೂರಿಗೆ ಹಲವು ಬಾರಿ ಕಾರಣ ಸವೆದ ಬಂಪರ್ (ರೋಟರನ್ನು ತಡೆದು ನಿಲ್ಲಿಸುವ ಮೆತ್ತೆ): ರೋಟರ್‌ನ ತೂತು ಕೊಳವೆಯ ತೂತಿಗೆ ಪೂರ್ತಿ ಎದುರಾಗುವುದಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಅಲ್ಲಿನ ಗುರುತು ಗೆರೆಗಳು ಕೂಡುತ್ತವೆಯೇ ಎಂದು ಕಾಣುತ್ತದೆ. ದುಬಾರಿ ವಾಲ್ವ್‌ಗೆ ಹೋಗುವ ಮುನ್ನ ಇದನ್ನು ನೋಡಿಕೊಳ್ಳಿ.

ಕೊನೆಗೆ ಎರಡು ಬೆಲ್‌ಗಳಲ್ಲಿ ಒಂದನ್ನು ಆರಿಸಬೇಕಾದಾಗ ಅದೇ ಸ್ಲೈಡ್, ಅದೇ ಲೀಡ್‌ಪೈಪ್, ಅದೇ ಮೌತ್‌ಪೀಸ್ ಇಟ್ಟು ಬೆಲ್ ಮಾತ್ರ ಬದಲಿಸಿ. ಎರಡನ್ನೂ ಮೊದಲು ಊದಿ ಬೆಚ್ಚಗಾಗಿಸಿ. ಒಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಶ್ರುತಿ ಸುಮಾರು 30 ಸೆಂಟ್ (ಅರ್ಧ ಸ್ವರದ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರುತ್ತದೆ. ತಣ್ಣಗಿರುವ ಬೆಲ್ ಇದರಿಂದಲೇ ಸೋಲುತ್ತದೆ. ಹತ್ತು ಮೀಟರ್ ದೂರದಲ್ಲಿ ಬೆನ್ನು ತಿರುಗಿಸಿ ಕೂತ ಇಬ್ಬರಿಗೆ, ಮೆಲ್ಲಗೆ, ಮಧ್ಯಮ, ಜೋರು ಮೂರರಲ್ಲೂ ಅದೇ ಸ್ವರಗುಚ್ಛ ಕೇಳಿಸಿ. ಯಾವ ಬೆಲ್ ಎಂದು ಅವರಿಗೆ ಹೇಳದೆ ಕ್ರಮ ಬದಲಿಸುತ್ತ ಆರೇಳು ಸುತ್ತು ಮಾಡಿ, ಬರೆದಿಟ್ಟುಕೊಳ್ಳಿ. ಅವರ ಆಯ್ಕೆ ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿದ್ದರೆ, ನಿಮ್ಮ ಕೈಗೂ ಕಿವಿಗೂ ಹಿತವಾದದ್ದನ್ನೇ ತೆಗೆದುಕೊಳ್ಳಿ.

ಇಂತಿ,
ಹಿತ್ತಾಳೆ ವಾದ್ಯಗಳ ದುರಸ್ತಿ ಬಲ್ಲ ಓದುಗರು