ರೆಡಿಂಗ್ ಸ್ಕೂಲ್‌ನಲ್ಲಿ ಡೊನೇಷನ್ ಇಲ್ಲ, ದಯವಿಟ್ಟು ಸರಿ ಮಾಡಿ ಬರೀರಿ

ಮಾನ್ಯ ಸಂಪಾದಕರೇ,

ಕನ್ನಡದ ಹುಡುಗ ಇಂಗ್ಲೆಂಡಿನ ರೆಡಿಂಗ್ ಊರಿನ ರೆಡಿಂಗ್ ಸ್ಕೂಲಿಗೆ ಸೇರಿದ ಸುದ್ದಿ ಹಾಕಿದ್ರಿ, ಸಂತೋಷ. ಆದ್ರೆ ಅದನ್ನ ಲಕ್ಷಾಂತರ ಫೀಸಿನ ಪ್ರೈವೇಟ್ ಶಾಲೆ ಅಂತ ಬರೆದಿದ್ದು ಯಾಕೆ? ಒಂದು ಮಾತು ವಿಚಾರಿಸೋಕಾಗ್ಲಿಲ್ವಾ? ನಾನು ಇದೇ ಊರಲ್ಲಿರೋನು, ಸುದ್ದಿ ಬಂದಾಗಿಂದ ನಿದ್ದೆಯಿಲ್ಲ. ದಾವಣಗೆರೆಯಿಂದ ಸೋದರಮಾವ ಬೆಳಗಿನ ಕಾಫಿ ಕುಡಿದು ಫೋನ್ ಮಾಡ್ತಾರೆ, ಇಲ್ಲಿ ಆಗ ರಾತ್ರಿ ಎರಡೂವರೆ. "ಡೊನೇಷನ್ ಎಷ್ಟಪ್ಪ, ಸೈಟ್ ಮಾರ್ಲಾ?" ಅಂತಾರೆ. ಇಲ್ಲ ಮಾವ ಅಂದ್ರೆ ನಾನೇ ಏನೋ ಮುಚ್ಚಿಡ್ತಿದ್ದೀನಿ ಅಂತ ಅತ್ತೆಗೆ ಮುನಿಸು. ಇದರ ಮಧ್ಯೆ ಯಾವನೋ ಏಜೆಂಟ್ ಸೀಟ್ ಕೊಡಿಸ್ತೀನಿ ಅಂತ ಅಡ್ವಾನ್ಸ್ ಬೇರೆ ಕೇಳಿದ್ದಾನಂತೆ!

ಅದು ಸರ್ಕಾರಿ ದುಡ್ಡಲ್ಲಿ ನಡೆಯೋ ಗ್ರಾಮರ್ ಸ್ಕೂಲ್, ಅಂದ್ರೆ ಪರೀಕ್ಷೆ ಮಾಡಿ ಮಕ್ಕಳನ್ನ ಆರಿಸ್ಕೊಳ್ಳೋ ಶಾಲೆ, ಗಂಡುಮಕ್ಕಳದ್ದು. ಪಾಠಕ್ಕೆ ಫೀಸಿಲ್ಲ, ಹಾಸ್ಟೆಲಲ್ಲಿರೋರು ಊಟ ವಸತಿಗೆ ಕಟ್ತಾರೆ ಅಷ್ಟೆ. ಸೀಟು ಸಿಗೋದು ಎಂಟ್ರೆನ್ಸ್ ಪರೀಕ್ಷೆ ಬರೆದು, ಇಂಡಿಯಾದಿಂದ ಸ್ಟೂಡೆಂಟ್ ವೀಸಾದಲ್ಲಿ ಬಂದು ಸೇರೋಕೆ ದಾರಿನೇ ಇಲ್ಲ. ಇದನ್ನ ಒಂದು ಸಾಲು ಬರೆದಿದ್ರೆ ನಮ್ಮ ಮಾವ ಸೈಟಿನ ಪತ್ರ ಹುಡುಕ್ತಿರಲಿಲ್ಲ.

ಶಾಲೆಯ ಕಥೆ ಎಷ್ಟು ದೊಡ್ಡದು ಗೊತ್ತಾ? ಹುಟ್ಟಿದ್ದು 1125ರಲ್ಲಿ, ಇಂಗ್ಲೆಂಡಿನ ರಾಜ ಒಂದನೇ ಹೆನ್ರಿ ಕಟ್ಟಿಸಿದ ಕ್ರೈಸ್ತ ಮಠದ ನೆರಳಲ್ಲಿ. 1539ರಲ್ಲಿ ಎಂಟನೇ ಹೆನ್ರಿ ಆ ಮಠಾನೇ ಮುಚ್ಚಿಸಿ ಮಠಾಧಿಪತಿಯನ್ನ ನೇಣಿಗೆ ಹಾಕಿದ, ಶಾಲೆ ಮಾತ್ರ ಉಳ್ಕೊಳ್ತು. ಇಲ್ಲಿ ಓದಿದ ಬಟ್ಟೆ ವ್ಯಾಪಾರಿಯ ಮಗ ವಿಲಿಯಂ ಲಾಡ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದ್ರೆ ಇಂಗ್ಲೆಂಡ್ ಚರ್ಚಿನ ಹಿರಿಯ ಧರ್ಮಗುರು ಆದ. ಎರ್ಲೀ ರೋಡಲ್ಲಿರೋ ಈಗಿನ ಕೆಂಪು ಇಟ್ಟಿಗೆ ಕಟ್ಟಡದಲ್ಲಿ ಶಾಲೆ ಶುರುವಾಗಿದ್ದು 1871ರಲ್ಲಿ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕಟ್ಟಿದ ಆಲ್ಫ್ರೆಡ್ ವಾಟರ್‌ಹೌಸ್‌ದೇ ವಿನ್ಯಾಸ. ಇದೆಲ್ಲ ಬಿಟ್ಟು ಫೀಸು ಫೀಸು!

ನಮ್ಮಲ್ಲೂ ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳಿವೆ. ನಾನು ಓದಿದ್ದರ ಹೆಂಚು ಹಾರಿ ಮಳೆಗಾಲಕ್ಕೆ ಹಾಜರಿ ಪುಸ್ತಕಾನೇ ನೆನೀತದೆ, ಶಿಕ್ಷಣ ಇಲಾಖೆ ಆಫೀಸಿನ ಸಾಹೇಬ್ರಿಗೆ ಕೇಳಿದ್ರೆ ಅನುದಾನ ಬಂದಿಲ್ಲ ಅಂತಾರೆ. ಮಗಳ ಟಿಸಿಗೆ ಒಂದು ಮೇಲುಸಹಿ ಹಾಕೋಕೆ ಅದೇ ಆಫೀಸಲ್ಲಿ ಎಷ್ಟು ಅಲೆಸಿದ್ರು, ಸಾಹೇಬ್ರು ಮೀಟಿಂಗಲ್ಲಿದ್ದಾರೆ ಅಂತ ಹೇಳಿ ಹೇಳಿನೇ ಕಳಿಸ್ತಿದ್ರು. ಇವರಿಗೆ ಶಾಲೆ ಅಂದ್ರೇನು ಅಂತಾನೇ ಗೊತ್ತಿಲ್ಲ.

ಮೊದಲು ತಿದ್ದುಪಡಿ ಹಾಕಿ, ಆ ಏಜೆಂಟ್‌ಗಳನ್ನ ಹಿಡಿಸಿ, ಇಲಾಖೆಯೋರು ಹಳೇ ಶಾಲೆಗಳ ಕಡೆ ಒಂದ್ಸಲ ಬಂದು ನೋಡ್ಲಿ. ಸಂಬಳ ತಗೊಳ್ಳಲ್ವಾ ಅವರು?

— ಒಬ್ಬ ಓದುಗ, ರೆಡಿಂಗ್, ಇಂಗ್ಲೆಂಡ್