ಭಾನುವಾರದ ವೈನ್ ಕೂಟ: ಶನಿವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಡಿಕೇರಿಯ ನಮ್ಮ ಮನೆಯಲ್ಲೇ ಸೇರೋಣ. ಈ ಸಲ ಜ್ವಾಲಾಮುಖಿ ಮಣ್ಣಲ್ಲಿ ಬೆಳೆದ ದ್ರಾಕ್ಷಿಯ ಮೂರು ವೈನ್: ಇಟಲಿಯ ಎಟ್ನಾ, ಗ್ರೀಸಿನ ಸ್ಯಾಂಟೊರಿನಿ, ಸ್ಪೇನಿನ ಲಾಂಜರೋಟೆ.

ಲಾಂಜರೋಟೆಯದ್ದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. 1730ರಿಂದ 1736ರವರೆಗೆ ಅಲ್ಲಿ ಜ್ವಾಲಾಮುಖಿ ಉಗುಳಿದ ಬೂದಿ ಹೊಲಗಳನ್ನೇ ಮುಚ್ಚಿತು. ರೈತರು ಬೂದಿಯಲ್ಲಿ ಗುಂಡಿ ತೋಡಿ, ಕೆಳಗಿನ ಹಳೇ ಮಣ್ಣಿಗೆ ಬಳ್ಳಿಯ ಬೇರು ಮುಟ್ಟಿಸಿದರು. ಗಾಳಿಗೆ ಅಡ್ಡವಾಗಿ ಅರ್ಧಚಂದ್ರದಂಥ ಕಲ್ಲುಗೋಡೆ. ಮಳೆ ತೀರಾ ಕಡಿಮೆ, ಆ ಕಪ್ಪು ಬೂದಿಯೇ ತೇವ ಹಿಡಿದಿಡುತ್ತದೆ. ನಮ್ಮ ಮಳೆಗಾಲ ಕಂಡವರಿಗೆ ಅಚ್ಚರಿಯೇ ಅಲ್ವಾ?

ಬರುವವರು ಶನಿವಾರ ಮಧ್ಯಾಹ್ನದೊಳಗೆ ಇಲ್ಲೇ ಹೆಸರು ಹಾಕಿ. 12 ಜನಕ್ಕಷ್ಟೇ ಜಾಗ. ಗ್ಲಾಸ್ ನೀವೇ ತನ್ನಿ. ಮನೆಯಲ್ಲಿ ಮಾಡಿದ ವೈನ್ ಇದ್ದರೆ ಒಂದು ಬಾಟಲಿ ತನ್ನಿ, ಪಕ್ಕದಲ್ಲಿಟ್ಟು ರುಚಿ ನೋಡೋಣ. ಗಾಡಿ ಓಡಿಸುವವರು ದಯವಿಟ್ಟು ಕುಡಿಯಬೇಡಿ.